ಉದ್ರಿ ಲೆಕ್ಕ ಕೇಳಿದೆ, ಬದುಕಿನ ಕಥೆ ಸಿಕ್ಕಿತು: ಶುಟ್ಕಾದಲ್ಲಿ ನನ್ನ ಅನುಭವ

"ಸಾಲದ ವಿಚಾರ ಕೇಳಿದ್ರೆ ಬಾಗಿಲು ಹಾಕ್ಕೋತಾರೆ" ಅಂದಿದ್ದ ಗೆಳೆಯರೇ ಈಗ ನನ್ನ ಪ್ರಶ್ನೆಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ, ಬೇರೆ ಬೇರೆ ಜನಾಂಗದ ನೆರೆಯವರು ಒಟ್ಟಿಗೆ ಹೇಗೆ ಬದುಕುತ್ತಾರೆ ಅನ್ನೋ ಕಥೆಗಳನ್ನು ನಾನು ಹೇಗೆ ಸಂಗ್ರಹಿಸಿದೆ ಅಂತ ಬರೆದುಬಿಡುತ್ತೇನೆ.

ಜಾಗ ಉತ್ತರ ಮೆಸಿಡೋನಿಯಾದ ಸ್ಕೋಪ್ಯೆ ನಗರದ ಶುಟೊ ಒರಿಜಾರಿ, ಜನರ ಬಾಯಲ್ಲಿ ಶುಟ್ಕಾ. 1963ರ ಭೂಕಂಪದಲ್ಲಿ ಮನೆ ಕಳೆದುಕೊಂಡ ಎಷ್ಟೋ ರೋಮಾ (ಭಾರತ ಮೂಲದ, ಯುರೋಪಿನಲ್ಲಿ ನೆಲೆಸಿದ ಜನಾಂಗ) ಕುಟುಂಬಗಳು ಬಂದು ನೆಲೆಸಿದ್ದು ಇಲ್ಲೇ. 2002ರ ಗಣತಿಯಲ್ಲಿ 22 ಸಾವಿರದಷ್ಟು ಜನ, ಅದರಲ್ಲಿ ರೋಮಾ 13 ಸಾವಿರ ಚಿಲ್ಲರೆ. ಉಳಿದವರಲ್ಲಿ ಅಲ್ಬೇನಿಯನ್ನರೇ ಜಾಸ್ತಿ.

ಮೊದಮೊದಲು ಎಲ್ಲರಂತೆ "ನಿಮ್ಮ ಕಥೆ ಹೇಳಿ" ಅಂತಲೇ ಕೇಳಿದೆ. ಬಂದದ್ದು ಬರೀ ಭಾಷಣ. ಸಂಸ್ಥೆಗಳವರು ಕೇಳಿ ಕೇಳಿ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. ನೆರೆಯವರ ಸುದ್ದಿ ಎತ್ತಿದರೆ "ಎಲ್ಲರೂ ಚೆನ್ನಾಗಿದ್ದೇವೆ", ಮುಗೀತು. ಅದನ್ನು ಬರೆಸಿಕೊಳ್ಳೋದಕ್ಕೇ ಐನೂರು ಆರುನೂರು ಯೂರೋ ಹೋಯಿತು. ದುಭಾಷಿಯ ಖರ್ಚು ಬೇರೆ.

ಆಮೇಲೆ ಒಬ್ಬ ರೋಮಾ ಅಜ್ಜಿಯ ಹತ್ತಿರ ಸುಮ್ನೆ ಕೇಳಿದೆ: "ಸೌದೆ ಯಾರು ಉದ್ರಿ ಕೊಡ್ತಾರೆ?" ಅಜ್ಜಿ ಕಾಫಿ ಕಪ್ಪು ಕೆಳಗಿಟ್ಟು ಬೆರಳು ಮಡಚತೊಡಗಿದರು. ಹಿಟ್ಟು, ಎಣ್ಣೆ ಅಲ್ಬೇನಿಯನ್ ಅಂಗಡಿಯದು. ಸೌದೆ ಮೆಸಿಡೋನಿಯನ್ ಒಬ್ಬನದು. ಜರ್ಮನಿಯಿಂದ ಮಗ ದುಡ್ಡು ಕಳಿಸಿದಾಗ ಇಬ್ಬರಿಗೂ ಚುಕ್ತಾ. 2001ರಲ್ಲಿ ಅಲ್ಬೇನಿಯನ್ ಬಂಡುಕೋರರಿಗೂ ಸರ್ಕಾರಕ್ಕೂ ನಡೆದ ಗಲಾಟೆ ಹೊತ್ತಲ್ಲಿ ಸೌದೆಯವನು "ಇನ್ನೂ ಆ ಅಂಗಡಿಗೆ ಹೋಗ್ತೀಯಾ?" ಅಂತ ಉದ್ರಿ ನಿಲ್ಲಿಸಿದನಂತೆ. ಅಂಗಡಿಯವನು ಮಾತ್ರ ಬರೆದುಕೊಂಡು ಹಿಟ್ಟು ಕೊಡುತ್ತಲೇ ಇದ್ದ. ಆ ಚಳಿಗಾಲ ಹಳೇ ಬೂಟು ಸುಟ್ಟು ಕಳೆದರಂತೆ. ಒಂದೇ ಕೂತಲ್ಲಿ ಎರಡು ಗಂಟೆ ರೆಕಾರ್ಡಿಂಗ್! ಜಾತಿ, ಜನಾಂಗ ಅಂತ ನಾನು ಬಾಯೇ ಬಿಟ್ಟಿರಲಿಲ್ಲ.

ಅಲ್ಲಿಗೇ ಬಿಡಬಾರದು. ಅದೇ ಸಾಲವನ್ನು ಆಚೆ ಕಡೆಯವರ ಬಾಯಿಂದಲೂ ಕೇಳಬೇಕು. ಅಜ್ಜಿಯ ಪ್ರಕಾರ ಬಾಕಿ ಸೊನ್ನೆ. ಅಂಗಡಿಯವನ ಪ್ರಕಾರ ಎರಡು ಸಾವಿರ ದೆನಾರ್ (ಅಲ್ಲಿನ ನಾಣ್ಯ) ಹತ್ತಿರ ಇದೆ, ಆದರೆ ಕೇಳಲ್ಲ. ಯಾಕೆ ಕೇಳಲ್ಲ ಅಂದಾಗ ಅವನ ಕಥೆ ಶುರುವಾಯಿತು. ಉದ್ರಿ ಪುಸ್ತಕ ಅವನೇ ತೆಗೆದು ತೋರಿಸುವ ಹಾಗೆ ಹೇಗೆ ಮಾಡಿದೆ ಅನ್ನೋದು ನನ್ನಲ್ಲೇ ಇರಲಿ.

ಮಧ್ಯೆ ಹಿಂದಿ ಹಾಡು ಹಾಕಿಯೂ ನೋಡಿದೆ. ಕುಣಿತವಾಯಿತು, ಕಥೆ ಇಲ್ಲ. ಮೇ 6ರ ಎರ್ದೆಲೆಜಿ ಅನ್ನೋ ವಸಂತದ ಹಬ್ಬದಲ್ಲಿ ಕುರಿಮರಿ ಮಾಂಸ ಯಾವ ಮನೆಗೆ ಹೋಯಿತು ಅಂತ ಹಿಂಬಾಲಿಸಿದ್ದು ಅರ್ಧ ಫಲಿಸಿತು. ಗಂಡಸರಿಗೆ ಗೊತ್ತೇ ಇರಲಿಲ್ಲ, ತಟ್ಟೆ ಹೊತ್ತ ಹುಡುಗಿಯರನ್ನು ಕೇಳಬೇಕು. ಈಗ ಒಂದು ಕಥೆಗೆ ನಲವತ್ತು ಯೂರೋ ಒಳಗೇ ಮುಗಿಯುತ್ತೆ, ಕಾಫಿ ಪುಡಿ ಸೇರಿ.