ಮೇಲ್ಮುದ್ದೆ ಮನೆ: ಯಾವ ಮಣ್ಣು ಎಲ್ಲಿಗೆ

ನವಲಗುಂದ, ನರಗುಂದ, ರೋಣದ ಎರಿ (ಕಪ್ಪು) ಮಣ್ಣು ಜೋಳ ಕಡಲೆಗೆ ಎಷ್ಟು ಒಳ್ಳೆಯದೋ ಮನೆಗೆ ಅಷ್ಟೇ ಕೆಟ್ಟದ್ದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಮೇಲ್ಮುದ್ದೆ ಮನೆ, ಅಂದರೆ ಮೇಲೆ ಮಣ್ಣು ಬಡಿದ ಸಪಾಟು ಮಾಳಿಗೆಯ ಮನೆ, ಕಟ್ಟುವುದೆಂದರೆ ಪಾಯಕ್ಕೆ, ಗೋಡೆಗೆ, ಮಾಳಿಗೆಗೆ ಬೇರೆ ಬೇರೆ ಮಣ್ಣು ಹುಡುಕುವ ಕೆಲಸ.

ಎರಿ ದಾಟಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಪಾಯ ತೋಡಬೇಕು. ನಾಲ್ಕೈದು ಅಡಿಗೆ ಗರಸು ಸಿಕ್ಕರೆ ಕಲ್ಲಿನ ಪಾಯ ಸಾಕು. ಹತ್ತಡಿಗೂ ಸಿಗದಿದ್ದರೆ ಗುಂಡಿಗೆ ಕಲ್ಲು ಸುರಿದು ದುಡ್ಡು ಕಳೆಯಬೇಡಿ. ಇಂಜಿನಿಯರರಿಂದ ಲೆಕ್ಕ ಮಾಡಿಸಿ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕಿಸಿ, ಆಳ 3.5 ಮೀಟರಿಗೆ ಕಡಿಮೆ ಇರಬಾರದು. ಪೈಲ್ ಮೇಲಿನ ಬೀಮಿನ ಅಡಿಗೂ ಎರಿಗೂ ನಡುವೆ ಮೂರು ಇಂಚಿಗಿಂತ ತುಸು ಹೆಚ್ಚೇ ಖಾಲಿ ಬಿಡಿ. ಬಿಡದಿದ್ದರೆ ಉಬ್ಬಿದ ಎರಿ ಬೀಮನ್ನೇ ಎತ್ತಿ ಗೋಡೆ ಸೀಳುತ್ತದೆ. ಊರೊಳಗಿನ ಹಳೆಯ ಜಾಗವಾದರೆ ಇನ್ನೊಂದು ಕಾಟ: ಮುಚ್ಚಿಹೋದ ಹಗೇವು, ಅಂದರೆ ಕಾಳು ತುಂಬುತ್ತಿದ್ದ ನೆಲದೊಳಗಿನ ಗುಂಡಿ. ಹಾರಿಯಿಂದ ಕುಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಅಗೆದು, ಗರಸನ್ನು ಆರಾರು ಇಂಚಿಗೆ ನೀರು ಹಾಕಿ ದಮ್ಮಸು ಮಾಡುತ್ತ ತುಂಬಿ.

ಮನೆಯ ಸುತ್ತ ಮೂರಡಿ ಅಗಲಕ್ಕೆ ಎರಿ ತೆಗೆದು ಗರಸು ಹಾಕಿ, ಹೊರಗಡೆಗೆ ಇಳಿಜಾರು ಕೊಡಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಎಷ್ಟೋ ಮನೆಗಳಲ್ಲಿ ಮೊದಲು ಬಿರುಕು ಬಿಡುವುದು ಬಚ್ಚಲ ಮೂಲೆಯೇ.

ಗೋಡೆಗೆ ಮಸಾರಿ (ಕೆಂಪು) ಮಣ್ಣು, ಇಲ್ಲವೇ ಕಲ್ಲು. ಹದಿನೆಂಟು ಇಂಚಿನ ಕಲ್ಲಿನ ಗೋಡೆ ಮಧ್ಯಾಹ್ನದ ಬಿಸಿಲಿನ ಕಾವು ಒಳಗೆ ಬರದಂತೆ ರಾತ್ರಿಯವರೆಗೆ ತಡೆಯುತ್ತದೆ. ಆದರೆ ಒಳಮೈ ಹೊರಮೈ ಬೇರೆ ಬೇರೆ ಕಟ್ಟಿ ನಡುವೆ ಚೂರು ತುಂಬಿದರೆ ನಾಲ್ಕು ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು, ಪೂರಾ ದಪ್ಪಕ್ಕೆ ಹಾಯುವ ಉದ್ದಗಲ್ಲು ಇರಲೇಬೇಕು. ಗಿಲಾಯಕ್ಕೆ, ಅಂದರೆ ಗೋಡೆ ಮೆತ್ತುವುದಕ್ಕೆ, ಹಾಳಮಣ್ಣಿಗೆ (ಹಾಳುಬಿದ್ದ ಹಳೇ ಊರು-ಮನೆಗಳ ಮಣ್ಣಿಗೆ) ಹೊಟ್ಟು ಬೆರೆಸಿ, ನೀರು ಹಾಕಿ ಎಂಟು ದಿನ ಕೊಳೆಸಿ, ದಿನಾ ತುಳಿಯಿರಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯ ಬೇಡ. ಒಳಗಿನ ತೇವ ಹೊರಬರಲಾಗದೆ ಅದು ಹಾಳೆ ಹಾಳೆಯಾಗಿ ಬೀಳುತ್ತದೆ.

ಮಳೆಗಾಲದ ಗಾಳಿ, ಸಂಜೆಯ ಬಿಸಿಲು ಎರಡೂ ಪಡುವಣದಿಂದ ಬರುತ್ತವೆ. ಆ ಕಡೆಗೆ ಉಗ್ರಾಣ, ಬಚ್ಚಲು ಇಟ್ಟು ಪಡಸಾಲೆಯನ್ನು ಮೂಡಣಕ್ಕೆ ತೆರೆಯಿರಿ. ಉತ್ತರದ ಕಿಟಕಿಗೆ ಬಿಸಿಲೇ ಬರದು ಎಂಬುದು ಇಲ್ಲಿ ಸುಳ್ಳು: ಗದಗ ಇರುವುದು 15.4 ಡಿಗ್ರಿ ಅಕ್ಷಾಂಶದಲ್ಲಿ, ಮೇ ಮೊದಲ ವಾರದಿಂದ ಆಗಸ್ಟ್ 10ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ. ಅಲ್ಲಿಯೂ ಒಂದೂವರೆ ಅಡಿ ಛಜ್ಜಾ ಬೇಕು. ಪಡಸಾಲೆಗೆ ಶಹಾಬಾದ್ ಪರಸಿ ಕಲ್ಲು, ಮೇಲೆ ನವಲಗುಂದದ ಜಮಖಾನೆ. ಸಂಜೆ ಪಡುವಣದ ಬಾಗಿಲಿಗೆ ಒಂದು ಹಳೇ ಕೌದಿ ಇಳಿಬಿಟ್ಟರೆ ಯಾವ ಪರದೆಗೂ ಕಡಿಮೆಯಿಲ್ಲ.

ಇನ್ನು ಮಾಳಿಗೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒಂದೊಂದು ಅಡಿಗೆ ಜಂತಿ (ಸಣ್ಣ ತೊಲೆ), ಅದರ ಮೇಲೆ ಹಲಗೆ ಅಥವಾ ಸೀಳು ಕಟ್ಟಿಗೆ, ಬೇವಿನ ತಪ್ಪಲು, ಆಮೇಲೆ ಮಣ್ಣು. ಕೆಡವಿದ ಮನೆಗಳ ಸಾಗವಾನಿ ತೊಲೆ ಸಿಕ್ಕರೆ ಸುತ್ತಿಗೆಯಿಂದ ತಟ್ಟಿ ನೋಡಿ ಕೊಳ್ಳಿ. ಗೋಡೆಯೊಳಗಿದ್ದ ತುದಿಯನ್ನೇ ಗೆದ್ದಲು ಮೊದಲು ತಿಂದಿರುತ್ತದೆ. ಭಾರದ ಲೆಕ್ಕ ಮರೆಯಬೇಡಿ. ಒಂಬತ್ತು ಇಂಚು ಬಡಿದ ಮಣ್ಣು ಚದರಡಿಗೆ ಸುಮಾರು 36 ಕೆಜಿ ತೂಗುತ್ತದೆ, ಅಂದರೆ 10×12ರ ಕೋಣೆಯ ಮೇಲೆ ನಾಲ್ಕು ಟನ್ನಿಗೂ ಮೇಲೆ. ಮಳೆ ಕುಡಿದರೆ ಇನ್ನೂ ಹೆಚ್ಚು. ಕೆಳಗೆ ನಾಲ್ಕು ಇಂಚು ಹಾಳಮಣ್ಣು, ಮೇಲೆ ಎರಡು ಇಂಚು ಸವಳು (ಕ್ಷಾರ) ಮಣ್ಣು, ಒಟ್ಟು ಆರು ಇಂಚಿಗೆ ನಿಲ್ಲಿಸಿ. ಹತ್ತಡಿಗೆ ಮೂರು ಇಂಚು ಇಳಿಜಾರು ಇರಲಿ, ನೀರು ಹೊರಬೀಳುವ ದೋಣಿ ಗೋಡೆಯಿಂದ ಎರಡಡಿ ಮುಂದೆ ಚಾಚಿರಲಿ.

ಸವಳು ಮಣ್ಣೇ ಏಕೆ? ಅದರಲ್ಲಿ ಸೋಡಿಯಂ ಹೆಚ್ಚು. ಮಳೆನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರ. ಪರೀಕ್ಷೆ ಸುಲಭ: ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಕಡಲೆ ಗಾತ್ರದ ಒಣ ಹೆಂಟೆ ಬಿಡಿ, ಕಲಕಬೇಡಿ. ಹೆಂಟೆಯ ಸುತ್ತ ಹಾಲಿನಂತೆ ಮಬ್ಬು ಹರಡಿ ಹಾಗೇ ನಿಂತರೆ ಆ ಮಣ್ಣು ನಡೆಯುತ್ತದೆ. ಹೆಂಟೆ ಉದುರಿಯೂ ನೀರು ತಿಳಿಯಾಗಿದ್ದರೆ ಬಿಡಿ. ಬೋರ್‌ವೆಲ್ ನೀರಿನಲ್ಲಿ ನೋಡಿದರೆ ಮೋಸಹೋಗುತ್ತೀರಿ; ಅದರ ಲವಣಗಳು ಕಣ ಹರಡಲು ಬಿಡುವುದಿಲ್ಲ. ಇದೇ ಮಣ್ಣನ್ನು ಗೋಡೆಗೆ ಬಳಿದರೆ ಉಪ್ಪು ಅರಳಿ ಗಿಲಾಯ ಉದುರುತ್ತದೆ.

ಕೋಣೆಗೊಂದು ಬೆಳಕಿಂಡಿ ಬಿಡಿ, ಒಂದಡಿ ಚೌಕ ಸಾಕು. ಅಂಚು ಮಾಳಿಗೆಗಿಂತ ಆರು ಇಂಚು ಎತ್ತರವಿರಬೇಕು. ರಾತ್ರಿ ತೆರೆದಿಟ್ಟರೆ ಗೋಡೆ ನುಂಗಿದ ಕಾವು ಮೇಲೆ ಹೋಗುತ್ತದೆ, ಬಿಸಿಲೇರುವ ಮೊದಲು ಮುಚ್ಚಿ.

ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ 25ರೊಳಗೆ, ಹುಲ್ಲನ್ನು ಬೇರುಸಹಿತ ಕಿತ್ತು ಹೊಸ ಸವಳು ಹಾಕಬೇಕು. ಎಷ್ಟೋ ಮನೆಗಳು ಕುಸಿಯಲು ದಾರಿಯಾಗುವುದು ಇದೇ ಕೆಲಸದಲ್ಲಿ: ಹಳೆಯದನ್ನು ಕೆರೆಯದೆ ಪ್ರತಿವರ್ಷ ಮೇಲೆ ಮೇಲೆ ಹಾಕುತ್ತ ಹೋಗಿ ಆರಿಂಚು ಒಂದೂವರೆ ಅಡಿಯಾಗುತ್ತದೆ, ಜಂತಿ ಬಾಗುತ್ತದೆ. ಹಾಕುವಷ್ಟನ್ನು ಮೊದಲು ಕೆರೆದು ತೆಗೆಯಿರಿ. ಮಳೆಯಲ್ಲಿ ಸೋರಿದರೆ, ತೊಟ್ಟಿಕ್ಕುವ ಜಾಗದ ನೇರ ಮೇಲೆ ಮಾತ್ರ ಹುಡುಕಬೇಡಿ. ನೀರು ಹಲಗೆಗುಂಟ ಹರಿದು ಬಂದಿರುತ್ತದೆ. ಇಳಿಜಾರಿನ ಮೇಲ್ಬದಿಗೆ ನಾಲ್ಕಡಿಯವರೆಗೆ ಒಣ ಸವಳು ಚೆಲ್ಲಿ ತುಳಿಯಿರಿ. ಸಿಮೆಂಟಿನ ತೇಪೆ ಹಾಕಿದರೆ ಮಣ್ಣು ಕುಗ್ಗಿದಾಗ ಅದರ ಅಂಚಿನಗುಂಟವೇ ಹೊಸ ಬಿರುಕು ಬಾಯಿ ಬಿಡುತ್ತದೆ.