ವಸಂತದ ಶುಭಾಶಯ ಪತ್ರಕ್ಕೆ ಕಾಗದದ ಹೂವು: ನಾನು ಮಾಡುವ ಬಗೆ

ಶುಭಾಶಯ ಪತ್ರ ಮಾಡಲು ಕೂತಾಗ ಎಷ್ಟು ಜಾಗ ಖಾಲಿ ಬಿಡಬೇಕು ಅನ್ನುವುದನ್ನೇ ನಾನು ಮೊದಲು ತೀರ್ಮಾನಿಸುತ್ತೇನೆ. ಬಣ್ಣಬಣ್ಣದ ಕಾಗದ ಎದುರಿಗಿದ್ದರೆ ಪತ್ರದ ತುಂಬ ಹೂ ಅಂಟಿಸುವ ಆಸೆ ಆಗುತ್ತದೆ. ಆದರೆ ಆಗತಾನೇ ಹೂಬಿಟ್ಟ ಕೊಂಬೆಯನ್ನು ತಲೆಯೆತ್ತಿ ನೋಡಿದರೆ ಹೂವುಗಳ ನಡುವೆ ಆಕಾಶ ಎಷ್ಟೊಂದು ಕಾಣುತ್ತದೆ! ಅದಕ್ಕೇ ಈ ಸಲ ಎಡಗಡೆಯ ಕೆಳಮೂಲೆಯಿಂದ ಓರೆಯಾಗಿ ಮೇಲೇರುವ ಒಂದೇ ಕೊಂಬೆ ಇಟ್ಟುಕೊಂಡೆ. ಅದರ ಮೇಲೆ ಚೆರ್ರಿಯ ಐದು ಹೂ, ಮೂರು ಮೊಗ್ಗು, ಒಂದಿಷ್ಟು ಚಿಗುರು. ಬಲಗಡೆಯ ಮೇಲ್ಭಾಗ ಪೂರ್ತಿ ಬಿಳಿ.

ಪತ್ರಕ್ಕೆ 250 ಜಿಎಸ್‌ಎಂನ ಹಾಳೆ ತೆಗೆದುಕೊಳ್ಳುತ್ತೇನೆ. ಅಂದರೆ ಒಂದು ಚದರ ಮೀಟರ್ ಹಾಳೆ 250 ಗ್ರಾಂ ತೂಗುತ್ತದೆ. ಇದಕ್ಕಿಂತ ತೆಳುವಾದರೆ ಹೂವಿನ ಭಾರಕ್ಕೆ ಮುಂದಿನ ಪುಟ ಬಳುಕುತ್ತದೆ. ಎ4 ಹಾಳೆಯನ್ನು ಅರ್ಧಕ್ಕೆ ಮಡಚಿದರೆ 148×210 ಮಿ.ಮೀ. ಅಳತೆಯ ಪತ್ರವಾಗುತ್ತದೆ.

ಮಡಚುವ ಮೊದಲು ಹಾಳೆಯ ನಾರಿನ ದಿಕ್ಕು ನೋಡಿಕೊಳ್ಳಬೇಕು. ಇದನ್ನು ನಾನು ಎಂದೂ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಹಾಳೆ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಹೆಚ್ಚು ಬಿಗಿಯಿಲ್ಲದೆ ಬಾಗುತ್ತದೋ ಆ ಮಡಿಕೆ ನಾರಿಗೆ ಸಮಾನಾಂತರವಾಗಿರುತ್ತದೆ. ಹಾಗೆ ಮಡಚಿದರೆ ಅಂಚು ನುಣುಪಾಗಿ ಕೂರುತ್ತದೆ. ನಾರಿಗೆ ಅಡ್ಡಲಾಗಿ ಮಡಚಿದರೆ ದಪ್ಪ ಹಾಳೆಯ ಮೇಲ್ಮೈ ಸಣ್ಣಗೆ ಬಿರಿಯುತ್ತದೆ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಒಂದು ಗೆರೆ ಒತ್ತಿ ಎಳೆದು, ಗೆರೆಯ ತಗ್ಗು ಹೊರಗೂ ಅದರ ಹಿಂದಿನ ಉಬ್ಬು ಒಳಗೂ ಬರುವಂತೆ ಮಡಚುತ್ತೇನೆ.

ಇಷ್ಟಾದ ಕೂಡಲೇ ಒಳಪುಟದ ಬರಹ ಮುಗಿಸಿಬಿಡುತ್ತೇನೆ. ಹೂ ಅಂಟಿಸಿದ ಮೇಲೆ ಪತ್ರ ಮೇಜಿನ ಮೇಲೆ ಸಮತಟ್ಟಾಗಿ ಕೂರುವುದಿಲ್ಲ, ಅಕ್ಷರ ಓಡಾಡುತ್ತದೆ.

ಇನ್ನು ಹೂವು. ಕತ್ತರಿ ಎಷ್ಟೇ ಚೆನ್ನಾಗಿ ಆಡಲಿ, ಕತ್ತರಿಸಿದ ಹೂ ಚಪ್ಪಟೆಯಾಗೇ ಇರುತ್ತದೆ. ಎಸಳಿಗೆ ಬಾಗು ಕೊಟ್ಟು, ಅದರ ಅಡಿಯಲ್ಲಿ ಸಣ್ಣ ನೆರಳು ಬಿದ್ದಾಗಲೇ ಅದು ಅರಳಿದಂತೆ ಕಾಣುವುದು. ಬಣ್ಣ ಹೊಂದಿಸಲು ಖರ್ಚು ಮಾಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಬಾಗಿಗೆ ಕೊಡಿ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ.

ಹೂವಿಗೆ 120 ಜಿಎಸ್‌ಎಂ ಸುತ್ತಮುತ್ತಲಿನ, ತೀರಾ ತಿಳಿ ಗುಲಾಬಿ ಬಣ್ಣದ ಕಾಗದ. ಕೋನಮಾಪಕ ಇಟ್ಟು 72 ಡಿಗ್ರಿಗೊಂದರಂತೆ ಐದು ಗೆರೆ ಎಳೆದು, ಅವುಗಳ ಮೇಲೆ ಐದು ಎಸಳು ಬರೆದು ಒಂದು ಅಚ್ಚು ಮಾಡಿಟ್ಟುಕೊಂಡಿದ್ದೇನೆ. ಚೆರ್ರಿ ಹೂವಿನ ಎಸಳಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಇರುತ್ತದೆ. ಅದನ್ನು ಬಿಟ್ಟರೆ ಅದು ಯಾವುದೋ ಒಂದು ಹೂ ಅಷ್ಟೇ. ಕಚ್ಚು ಇಟ್ಟ ಕೂಡಲೇ ನೋಡಿದವರು ಹೆಸರು ಹಿಡಿದು ಹೇಳುತ್ತಾರೆ. ಕತ್ತರಿಸುವಾಗ ಕತ್ತರಿ ಹಿಡಿದ ಕೈಯನ್ನು ಅಲ್ಲಾಡಿಸದೆ ಕಾಗದವನ್ನೇ ತಿರುಗಿಸುತ್ತಾ ಹೋದರೆ ಅಂಚು ಮೊಂಡಾಗುವುದಿಲ್ಲ.

ನಾಲ್ಕು ಮಡಿಕೆ ಮಾಡಿದ ಮೆತ್ತನೆಯ ಬಟ್ಟೆಯ ಮೇಲೆ ಹೂವನ್ನಿಟ್ಟು, ಚಮಚದ ದುಂಡು ಹಿಡಿಯಂಥ ನುಣುಪಾದ ತುದಿಯಿಂದ ಒಂದೊಂದೇ ಎಸಳನ್ನು ಸುತ್ತು ಸುತ್ತಾಗಿ ಉಜ್ಜುತ್ತೇನೆ. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ. ಕಾಗದ ಮೆಲ್ಲನೆ ಬಳ್ಳದಂತೆ ಗುಳಿಬೀಳುತ್ತಾ, ಎಸಳಿನ ಅಂಚು ತಾನಾಗಿ ಮೇಲೇಳುತ್ತದೆ. ಐದೂ ಎದ್ದ ಮೇಲೆ ನಡುವೆ ಒಮ್ಮೆ ಒತ್ತಿದರೆ ಹೂ ಪೂರ್ತಿ ಬಟ್ಟಲಾಗುತ್ತದೆ. ಕಾಗದ ಹಟ ಮಾಡಿದರೆ ಬೆರಳ ತುದಿಯನ್ನು ನೀರಿಗೆ ತಾಗಿಸಿ, ಒರೆಸಿಕೊಂಡು, ಆ ತೇವದಷ್ಟನ್ನೇ ಎಸಳಿಗೆ ಮುಟ್ಟಿಸುತ್ತೇನೆ. ತೇವಕ್ಕೆ ನಾರು ಸಡಿಲವಾಗುತ್ತದೆ, ಒಣಗಿದಾಗ ಕೊಟ್ಟ ಬಾಗಿನಲ್ಲೇ ನಿಲ್ಲುತ್ತದೆ. ಬಣ್ಣ ಬಿಡುವ ಕಾಗದವಾದರೆ ಮಾತ್ರ ಇದು ಬೇಡ, ಒಂದು ಚೂರಿನ ಮೇಲೆ ಮೊದಲೇ ಪರೀಕ್ಷಿಸಿ. ಎಲ್ಲ ಹೂವನ್ನೂ ಒಂದೇ ಸಮ ಬಾಗಿಸುವುದಿಲ್ಲ. ಎರಡು ಪೂರ್ತಿ ಅರಳಿರಲಿ, ಎರಡು ಅರೆಬಿರಿದಿರಲಿ, ಒಂದರ ಎಸಳು ಹಿಂದಕ್ಕೆ ಬಾಗಿರಲಿ.

ನಡುವಿಗೆ ಗಾಢ ಗುಲಾಬಿಯ ಪೇಸ್ಟಲ್ ಪುಡಿಯನ್ನು ಹತ್ತಿಯಿಂದ ಸವರಿ, ಅಂಚಿನ ಕಡೆಗೆ ಮಸುಕಾಗಿಸುತ್ತೇನೆ. ಕೇಸರಕ್ಕೆ 6 ಮಿ.ಮೀ. ಅಗಲದ ಬಿಳಿ ಪಟ್ಟಿ. ತಳದಲ್ಲಿ 2 ಮಿ.ಮೀ. ಉಳಿಸಿ, ಉಳಿದದ್ದನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಬಿಗಿಯಾಗಿ ಸುತ್ತಿ, ಹೆಬ್ಬೆರಳಿನಿಂದ ಬಿಡಿಸಿದರೆ ಎಳೆಗಳು ಹರಡಿಕೊಳ್ಳುತ್ತವೆ. ತುದಿಗಳಿಗೆ ಹಳದಿ ಬಣ್ಣದ ಚುಕ್ಕೆ ತಾಗಿಸಿದರೆ ಸಾಕು.

ಕೊಂಬೆಗೆ ಕಂದು ಕ್ರೇಪ್ ಕಾಗದದ ಪಟ್ಟಿಯನ್ನು ಎಳೆದು ಹೊಸೆಯುತ್ತೇನೆ. ಗಂಟುಗಂಟಾಗಿ ಬರುವುದರಿಂದ ಮರದ ತೊಗಟೆಯನ್ನೇ ನೋಡಿದಂತಿರುತ್ತದೆ. ಚೆರ್ರಿ ಮರ ಎಲೆ ಪೂರ್ತಿ ಬಿಚ್ಚುವ ಮೊದಲೇ ಹೂಬಿಡುತ್ತದೆ. ಹಾಗಾಗಿ ದೊಡ್ಡ ಹಸಿರೆಲೆಗಳಿಗೆ ಇಲ್ಲಿ ಕೆಲಸವಿಲ್ಲ. ಕಿರುಬೆರಳ ಉಗುರಿನಷ್ಟು ಚಿಗುರು, ನಡುನರದಲ್ಲಿ ಮಡಚಿ ಅರ್ಧ ಮಾತ್ರ ಬಿಚ್ಚಿದ್ದು, ಅಷ್ಟೇ.

ಅಂಟಿನಲ್ಲಿ ಮಾತ್ರ ಜಿಪುಣತನ ಬೇಕು. ಬಿಳಿ ಅಂಟಿನಲ್ಲಿ ನೀರಿರುವುದರಿಂದ ಹೆಚ್ಚಾದರೆ ಕಾಗದ ಉಬ್ಬಿ ಸುಕ್ಕುಗಟ್ಟುತ್ತದೆ. ಟೂತ್‌ಪಿಕ್‌ನ ತುದಿಯಲ್ಲಿ ಒಂದು ಹನಿ ತೆಗೆದು ಹೂವಿನ ನಡುವಿಗಷ್ಟೇ ಇಡುತ್ತೇನೆ, ಎಸಳುಗಳನ್ನು ಬಿಟ್ಟುಬಿಡುತ್ತೇನೆ. ಅದಕ್ಕೂ ಮೊದಲು ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ ನೋಡುತ್ತೇನೆ. ಹೂಗಳನ್ನು ಸಮ ಅಂತರದಲ್ಲಿಟ್ಟರೆ ಮಾಲೆ ಕಟ್ಟಿದಂತಾಗುತ್ತದೆ. ಮೂರು ಒಂದು ಕಡೆ ಗುಂಪಾಗಿ, ಎರಡು ದೂರದಲ್ಲಿ, ಮೊಗ್ಗುಗಳು ಕೊಂಬೆಯ ತುದಿಗೆ ಇದ್ದರೆ ಕಣ್ಣಿಗೆ ಹಿತ. ಮಡಿಕೆಯ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೇ ಹೂವಿರಲಿ, ಇಲ್ಲದಿದ್ದರೆ ಪತ್ರ ತೆರೆಯುವಾಗ ಎಸಳು ಸಿಕ್ಕಿಕೊಳ್ಳುತ್ತದೆ.

ಈ ಅಳತೆಗೆ 162×229 ಮಿ.ಮೀ.ನ ಸಿ5 ಲಕೋಟೆ ಸರಿಹೊಂದುತ್ತದೆ. ಆದರೆ ಅಂಚೆಯಲ್ಲಿ ಹಾಕುವುದಾದರೆ ಬರಿಯ ಲಕೋಟೆಯನ್ನು ನಾನು ನೆಚ್ಚುವುದಿಲ್ಲ, ಕಾಗದಗಳನ್ನು ವಿಂಗಡಿಸುವ ಯಂತ್ರದ ಉರುಳೆಗಳ ನಡುವೆ ಹೂ ಅಪ್ಪಚ್ಚಿಯಾಗುತ್ತದೆ. ತೆಳು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೂವಿಗೆ ತಾಗದಂತೆ ಸುತ್ತಲೂ ಟಿಶ್ಯೂ ಕಾಗದ ಸುರುಳಿ ಮಾಡಿ ಒತ್ತಾಗಿ ತುಂಬಿ ಕಳಿಸುತ್ತೇನೆ. ಪಡೆದವರಿಗೆ ಒಂದು ಸಾಲು ಸೇರಿಸಿ ಬರೆಯುತ್ತೇನೆ: ಇದನ್ನು ನೇರ ಬಿಸಿಲು ಬೀಳುವ ಕಿಟಕಿಯಲ್ಲಿಡಬೇಡಿ, ಗುಲಾಬಿ ಬಣ್ಣ ಬೇಗ ಮಾಸುತ್ತದೆ.