ಫ್ರೇಮ್‌ವರ್ಕ್ ಆಮೇಲೆ, ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ವೆಬ್‌ಸೈಟ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ರಿಯಾಕ್ಟ್ ಕಲೀಲಾ, ವ್ಯೂ ಕಲೀಲಾ?’ (ಇವು ಫ್ರೇಮ್‌ವರ್ಕ್‌ಗಳು, ಅಂದರೆ ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಚೌಕಟ್ಟುಗಳು.) ನಾನು ತಿರುಗಿ ಕೇಳುತ್ತೇನೆ, ‘ನಿಮ್ಮ ಸೈಟಿಗೆ ಬಂದವರು ಅಲ್ಲಿ ಏನು ಮಾಡಬೇಕು?’ ಎಷ್ಟೋ ಸಲ ಇದಕ್ಕೆ ಉತ್ತರ ಸಿದ್ಧ ಇರುವುದಿಲ್ಲ. ಗೋಡೆ ಎಲ್ಲಿ ಬರಬೇಕು ಅಂತ ಗೊತ್ತಿಲ್ಲದೆ ಕರಣೆ ಯಾವುದು ಒಳ್ಳೆಯದು ಎಂದು ಚರ್ಚೆ ಮಾಡಿದ ಹಾಗೆ ಇದು.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಪುಸ್ತಕ ಎರವಲು ಕೊಡುವ ಒಂದು ಸಣ್ಣ ವಾಚನಾಲಯಕ್ಕೆ ನೀವು ಸೈಟ್ ಮಾಡಿಕೊಡಬೇಕು.

1. ಕೆಲಸಗಳನ್ನು ಬರೆಯಿರಿ

ಹಾಳೆಯ ಮೇಲೆ ಬರೀ ಕೆಲಸಗಳಿರಲಿ, ತಂತ್ರಜ್ಞಾನದ ಹೆಸರು ಒಂದೂ ಬೇಡ. ಬಂದವರು ತೆರೆಯುವ ಸಮಯ ನೋಡಬೇಕು. ಪುಸ್ತಕ ಹುಡುಕಬೇಕು. ತಮ್ಮ ಪುಸ್ತಕದ ಅವಧಿ ಮುಂದೂಡಬೇಕು. ಈಗ ಒಂದೊಂದರ ಮುಂದೆ ಏನು ಬೇಕೆಂದು ಗುರುತು ಹಾಕಿ. ಸಮಯ ನೋಡಲು ಸಾದಾ ಪುಟ ಸಾಕು. ಹುಡುಕಲು ಒಂದು ಫಾರ್ಮ್, ಅದರ ಹಿಂದೆ ಒಂದು ಡೇಟಾಬೇಸ್. ಅವಧಿ ಮುಂದೂಡಲು ಲಾಗಿನ್.

ಇಷ್ಟರಲ್ಲಿ ಎಲ್ಲೂ ಫ್ರೇಮ್‌ವರ್ಕ್ ಬೇಕೆನ್ನುವ ಕೆಲಸ ಬರಲೇ ಇಲ್ಲ, ಅಲ್ವಾ? ಅದೇ ನೀವು ಚಿತ್ರ ಬಿಡಿಸುವ ಆ್ಯಪನ್ನೋ ಲೆಕ್ಕದ ಹಾಳೆಯನ್ನೋ ಮಾಡುತ್ತಿದ್ದರೆ ಮಾತು ಬೇರೆ. ಅಲ್ಲಿ ಒಂದು ಕಡೆ ಒತ್ತಿದರೆ ಹತ್ತು ಕಡೆ ಬದಲಾಗಬೇಕು, ಅದೂ ಪುಟ ಮತ್ತೆ ಲೋಡ್ ಆಗದೆ.

2. ಬ್ರೌಸರ್‌ನಲ್ಲೇ ಏನಿದೆ ನೋಡಿ

ಜನ ಜಾಸ್ತಿ ಹಾರಿಸಿಬಿಡುವುದು ಈ ಹೆಜ್ಜೆಯನ್ನೇ. 2006ರಲ್ಲಿ ಜೆಕ್ವೆರಿ (ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯ ಸಿದ್ಧ ಕೋಡಿನ ಗಂಟು) ಬಂದಾಗ ಅದು ನಿಜಕ್ಕೂ ಬೇಕಿತ್ತು. ಒಂದೇ ಕೋಡ್ ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ಥರ ಆಡುತ್ತಿತ್ತು. ಈಗ ಆ ಕೆಲಸಗಳಲ್ಲಿ ಬಹುಪಾಲು ಬ್ರೌಸರ್ ತಾನೇ ಮಾಡುತ್ತದೆ. ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೂ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ವಿದಾಯ ಹೇಳಿತು. ಆದರೆ ಆ ಕಾಲದ ಪಾಠಗಳು ಇನ್ನೂ ಹುಡುಕಾಟದಲ್ಲಿ ಸಿಗುತ್ತವೆ. ಓದುವ ಮೊದಲು ಬರೆದ ವರ್ಷ ನೋಡಿ.

ಮಡಚಿ ಬಿಚ್ಚುವ ಪ್ರಶ್ನೋತ್ತರಕ್ಕೆ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ‘ಡೀಟೇಲ್ಸ್’ ಟ್ಯಾಗ್ ಇದೆ. ಪುಟದ ಮೇಲೆ ತೆರೆಯುವ ಪೆಟ್ಟಿಗೆಗೆ ‘ಡೈಲಾಗ್’ ಇದೆ. ಫಾರ್ಮ್‌ನಲ್ಲಿ ಖಾಲಿ ಬಿಡಬಾರದ ಜಾಗಕ್ಕೆ ‘ರಿಕ್ವೈರ್ಡ್’ ಎಂಬ ಒಂದು ಪದ ಸಾಕು. (ಸರ್ವರ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸುವುದನ್ನು ಮಾತ್ರ ಬಿಡಬೇಡಿ. ಬ್ರೌಸರ್‌ನ ತಪಾಸಣೆಯನ್ನು ಯಾರು ಬೇಕಾದರೂ ದಾಟಬಹುದು.) ಪುಟದ ವಿನ್ಯಾಸಕ್ಕೆ ಸಿಎಸ್‌ಎಸ್ (ಪುಟದ ಅಂದ, ಜೋಡಣೆ ಹೇಳುವ ಭಾಷೆ) ಗ್ರಿಡ್ ಇದೆ. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಅದು ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಬಂತು. ಅಲ್ಲಿಂದಾಚೆಗೆ ಅಂಕಣ ಜೋಡಿಸಲಿಕ್ಕೆಂದೇ ಸಿಎಸ್‌ಎಸ್ ಫ್ರೇಮ್‌ವರ್ಕ್ ಹಾಕುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಹೊಸ ಸೌಲಭ್ಯವೊಂದು ಎಲ್ಲ ಕಡೆ ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ವೆಬ್ ಸೌಲಭ್ಯಗಳನ್ನು ವಿವರಿಸುವ ಎಂಡಿಎನ್ ಎಂಬ ಆನ್‌ಲೈನ್ ಕೈಪಿಡಿಯಲ್ಲಿ ‘ಬೇಸ್‌ಲೈನ್’ ಗುರುತು ನೋಡಿ. ಮುಖ್ಯ ಬ್ರೌಸರ್‌ಗಳೆಲ್ಲಕ್ಕೂ ಬಂದು 30 ತಿಂಗಳು ಕಳೆದ ಸೌಲಭ್ಯಕ್ಕೆ ‘ವ್ಯಾಪಕವಾಗಿ ಲಭ್ಯ’ ಎಂಬ ಗುರುತು ಬೀಳುತ್ತದೆ. ನಾನು ಸಾಮಾನ್ಯವಾಗಿ ಅದನ್ನೇ ಗೆರೆ ಎಂದುಕೊಳ್ಳುತ್ತೇನೆ.

3. ಫ್ರೇಮ್‌ವರ್ಕ್ ಬೇಕೇ ಬೇಕಾದರೆ

ಪರದೆಯ ಒಂದು ಮೂಲೆಯಲ್ಲಿ ಬದಲಾದ ಮಾಹಿತಿಯನ್ನು ಇನ್ನೊಂದು ಮೂಲೆಗೆ ಮುಟ್ಟಿಸಲು ನೀವು ಕೈಯಾರೆ ಕೋಡ್ ಬರೆದು ಬರೆದು ಸುಸ್ತಾಗಿದ್ದೀರಾ? ಹಾಗಿದ್ದರೆ ಫ್ರೇಮ್‌ವರ್ಕ್‌ಗೆ ಸಮಯ ಬಂದಿದೆ. 2013ರ ರಿಯಾಕ್ಟ್, 2014ರ ವ್ಯೂ, 2016ರ ಸ್ವೆಲ್ಟ್ ಬೇರೆ ಬೇರೆ ದಾರಿ ಹಿಡಿದರೂ ಮಾಡುವುದು ಇದನ್ನೇ. ಮಾಹಿತಿ ಹೀಗಿದ್ದರೆ ಪರದೆ ಹೀಗಿರಲಿ ಎಂದು ನೀವು ಹೇಳುತ್ತೀರಿ, ಪರದೆಯನ್ನು ಹಾಗೆ ಇಡುವ ತಲೆನೋವು ಅದರದ್ದು.

ಯಾವುದು ಆರಿಸಲಿ? ಜೊತೆಗೆ ಕೆಲಸ ಮಾಡುವವರಿಗೆ ಈಗಾಗಲೇ ಗೊತ್ತಿರುವುದನ್ನು ಆರಿಸಿ. ಯಾರಿಗೂ ಯಾವುದೂ ಗೊತ್ತಿಲ್ಲದಿದ್ದರೆ ನಿಮ್ಮ ಆ್ಯಪಿನ ಅತಿ ಕಷ್ಟದ ಪರದೆಯನ್ನು ಎರಡು ದಿನ ಕೂತು ನೀವು ಯೋಚಿಸುತ್ತಿರುವ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿ ನೋಡಿ. ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್ ಕಟ್ಟಿ ತೀರ್ಮಾನಕ್ಕೆ ಬರಬೇಡಿ, ಅದು ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತದೆ.

ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗಲು ದಾರಿ ಹೇಗಿದೆ ಎಂಬುದನ್ನೂ ವಿಚಾರಿಸಿ. 2010ರಲ್ಲಿ ಬಂದ ಆ್ಯಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕನ್ನು 2016ರಲ್ಲಿ ಬುಡದಿಂದ ಹೊಸದಾಗಿ ಬರೆದು ‘ಆ್ಯಂಗ್ಯುಲರ್’ ಎಂದು ಕೊಟ್ಟರು. ಹಳೆಯದರ ಬೆಂಬಲ 2022ರ ಜನವರಿಗೆ ಮುಗಿದಿತ್ತು. ಅದರಲ್ಲಿ ದೊಡ್ಡ ಸೈಟ್ ಕಟ್ಟಿಕೊಂಡವರಿಗೆ ಅದು ಸಣ್ಣ ದುರಸ್ತಿಯಾಗಿರಲಿಲ್ಲ.

ಟೈಪ್‌ಸ್ಕ್ರಿಪ್ಟ್, ಅಂದರೆ ಮಾಹಿತಿಯ ಬಗೆಯನ್ನೂ ಗುರುತು ಹಾಕಿ ಬರೆಯುವ ಜಾವಾಸ್ಕ್ರಿಪ್ಟ್, ಬೇಕಾ? ಇಬ್ಬರಿಗಿಂತ ಹೆಚ್ಚು ಜನ ಕೋಡ್ ಮುಟ್ಟುತ್ತಾರೆ ಎಂದರೆ ಹಾಕಿಕೊಳ್ಳಿ. ಐವತ್ತು ಸಾಲಿನ ಕೋಡಿಗೆ ಬೇಡ.

4. ಪ್ಯಾಕೇಜ್ ಸೇರಿಸುವಾಗ ಕೈ ಬಿಗಿಯಿರಲಿ

2016ರ ಮಾರ್ಚ್‌ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಪುಟ್ಟ ಪ್ಯಾಕೇಜನ್ನು (ಬೇರೆಯವರು ಬಳಸಲೆಂದು ಬರೆದಿಟ್ಟ ಸಿದ್ಧ ಕೋಡು) ಅದರ ಲೇಖಕ, ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದುಹಾಕಿದರು. ಅದರಲ್ಲಿ ಇದ್ದದ್ದು 11 ಸಾಲು. ಮಾಡುತ್ತಿದ್ದದ್ದು ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವ ಕೆಲಸ. ಅಷ್ಟಕ್ಕೇ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ (ಕೋಡನ್ನೆಲ್ಲ ಜೋಡಿಸಿ ಸಿದ್ಧಗೊಳಿಸುವ ಕೆಲಸ) ನಿಂತುಹೋಯಿತು. ಹಲವರಿಗೆ ತಾವು ಅದನ್ನು ಬಳಸುತ್ತಿದ್ದೇವೆ ಎಂದೇ ಗೊತ್ತಿರಲಿಲ್ಲ. ಅವರು ಬಳಸಿದ ಪ್ಯಾಕೇಜಿನ ಒಳಗಿನ ಪ್ಯಾಕೇಜಿನ ಒಳಗೆಲ್ಲೋ ಅದು ಕೂತಿತ್ತು.

ಹಾಗಾಗಿ ಇನ್‌ಸ್ಟಾಲ್ ಮಾಡುವ ಮೊದಲು ಅದು ಕೊನೆಯ ಸಲ ಅಪ್‌ಡೇಟ್ ಆದದ್ದು ಯಾವಾಗ, ತನ್ನ ಬೆನ್ನಿಗೆ ಇನ್ನೆಷ್ಟು ಪ್ಯಾಕೇಜ್ ಕಟ್ಟಿಕೊಂಡು ಬರುತ್ತದೆ ನೋಡಿ. ಅರ್ಧ ಗಂಟೆಯಲ್ಲಿ ನೀವೇ ಬರೆಯಬಹುದಾದರೆ ಬರೆದುಬಿಡಿ. ಸೇರಿಸಿದ್ದೇ ಆದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಫೈಲನ್ನೂ ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಹಾಕಿ. ನೀವೇ ಬರೆಯಿರಿ ಎಂದದ್ದಕ್ಕೆ ಒಂದು ಅಪವಾದ ಉಂಟು. ಪಾಸ್‌ವರ್ಡ್ ಕಾಪಾಡುವುದು, ಗೂಢಲಿಪೀಕರಣ, ಬೇರೆ ಬೇರೆ ದೇಶಗಳ ಟೈಮ್‌ಝೋನ್ ಲೆಕ್ಕ ಇವುಗಳಿಗೆ ಸುಮ್ನೆ ಹೆಸರುವಾಸಿ ಪ್ಯಾಕೇಜನ್ನೇ ಬಳಸಿ. ಇಲ್ಲಿ ಸ್ವಂತ ಜಾಣತನ ತೋರಿಸಿದವರು ಪೆಟ್ಟು ತಿನ್ನುತ್ತಾರೆ.

5. ಸರ್ವರ್ ಕಡೆ

ಇದನ್ನು ಬೇಗ ಮುಗಿಸುತ್ತೇನೆ. ನಿಮಗೆ ಬರುವ ಭಾಷೆಯೇ ಒಳ್ಳೆಯ ಭಾಷೆ. ಪಿಎಚ್‌ಪಿ, ಪೈಥಾನ್‌ನ ಜಾಂಗೋ, ರೂಬಿಯ ರೇಲ್ಸ್, ಜಾವಾಸ್ಕ್ರಿಪ್ಟ್‌ನ ‘ನೋಡ್’ ಇವುಗಳಲ್ಲಿ ಯಾವುದರಲ್ಲಾದರೂ ವಾಚನಾಲಯದ ಸೈಟ್ ಆರಾಮಾಗಿ ನಡೆಯುತ್ತದೆ. ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಇನ್ನೂ ಸಣ್ಣದಾದರೆ ಒಂದೇ ಫೈಲಿನಲ್ಲಿ ಎಲ್ಲ ಇಡುವ ಎಸ್‌ಕ್ಯೂಲೈಟ್.

6. ಹಳೆಯ ಫೋನಿನಲ್ಲಿ ತೆರೆದು ನೋಡಿ

ನೀವು ಕೋಡ್ ಬರೆಯುವ ಕಂಪ್ಯೂಟರ್‌ನಲ್ಲಿ ಎಲ್ಲ ಸೈಟೂ ಚುರುಕೇ. ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ (ಕೋಡ್ ಬರೆಯುವವರ ಪರೀಕ್ಷೆಗೆಂದು ಇರುವ ಸಲಕರಣೆ) ನೆಟ್‌ವರ್ಕ್ ನಿಧಾನ ಮಾಡಿ ನೋಡಿ, ಆಮೇಲೆ ಒಂದು ಹಳೆಯ ಫೋನಿನಲ್ಲೂ ತೆರೆಯಿರಿ. ಗೂಗಲ್ ಹಾಕಿಕೊಟ್ಟ ಅಳತೆ ಹೀಗಿದೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬಟನ್ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು. ಇಲ್ಲಿ ಒಂದು ಮಾತು ನೆನಪಿರಲಿ. 200 ಕೆಬಿ ಚಿತ್ರವೂ 200 ಕೆಬಿ ಜಾವಾಸ್ಕ್ರಿಪ್ಟೂ ಒಂದೇ ಭಾರವಲ್ಲ. ಚಿತ್ರವನ್ನು ಬಿಡಿಸಿ ತೋರಿಸಿದರೆ ಆಯಿತು. ಜಾವಾಸ್ಕ್ರಿಪ್ಟನ್ನು ಫೋನ್ ಓದಿ, ಅರ್ಥ ಮಾಡಿಕೊಂಡು, ಓಡಿಸಬೇಕು. ಫೋನ್ ಹಳೆಯದಾದಷ್ಟೂ ಆ ಹೊರೆ ಹೆಚ್ಚು.

ಕೊನೆಗೆ ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಮತ್ತು ಎಂಟರ್ ಕೀಲಿಯಲ್ಲಿ ಒಂದು ಪುಸ್ತಕ ಹುಡುಕಿ, ಅವಧಿ ಮುಂದೂಡಿ. ಬಟನ್ ಟ್ಯಾಗ್ ಬಳಸಿದ್ದರೆ ಕೀಲಿಮಣೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ‘ಡಿವ್’ ಎಂಬ ಬರೀ ಖಾಲಿ ಪೆಟ್ಟಿಗೆಯ ಟ್ಯಾಗ್‌ಗೆ ಬಣ್ಣ ಬಳಿದು ಬಟನ್ ಎಂದಿದ್ದರೆ ಅದನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತದೆ. ನೀವೀಗ ಯಾವ ಬಟನ್ ಮೇಲಿದ್ದೀರಿ ಎಂದೇ ಕಾಣುತ್ತಿಲ್ಲವೇ? ಹಾಗಾದರೆ ಚೆಂದ ಕಾಣಲಿ ಅಂತ ಯಾರೋ ಸಿಎಸ್‌ಎಸ್‌ನಲ್ಲಿ ಔಟ್‌ಲೈನ್ (ಬಟನ್ ಸುತ್ತ ಮೂಡುವ ಗೆರೆ) ತೆಗೆದಿರುತ್ತಾರೆ. ನನ್ನ ಮೊದಲ ಸೈಟಿನಲ್ಲಿ ಆ ‘ಯಾರೋ’ ನಾನೇ ಆಗಿದ್ದೆ.